ಕಾಸಿಲ್ಲದವರು ಹುಟ್ಟಿಸಿದ ಭಯ: ಮಾಟಗಾತಿ, ರಕ್ತಪಿಶಾಚಿ ಸಿನಿಮಾಗಳು ಕಲ್ಟ್ ಆಗುವುದು ಹೇಗೆ?

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ಸುತ್ತಲ ಹಳ್ಳಿಗಳಲ್ಲೂ ಅಷ್ಟೇ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ನಿಮ್ಮವರದ್ದೇ ಧ್ವನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು. ಬರಹ ಕಂಡರೆ ಸುಮ್ನೆ ವಾಪಸ್ ಹೋಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಒಂದು ತುಂಡು ಸೀಮೆಸುಣ್ಣದ ಖರ್ಚಿನಲ್ಲಿ ಬೀದಿಗೆ ಬೀದಿಯೇ ಹೆದರಿತ್ತು. 2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾ ಈ ನಂಬಿಕೆಯನ್ನೇ ಎತ್ತಿಕೊಂಡು ದೊಡ್ಡ ಹಿಟ್ ಆಯಿತು.

‘ನಾಳೆ ಬಾ’ ಕಥೆಯಲ್ಲಿ ದೆವ್ವ ಒಂದು ಸಲವೂ ಕಣ್ಣಿಗೆ ಬೀಳುವುದಿಲ್ಲ, ಗಮನಿಸಿದಿರಾ? ಧ್ವನಿ ಇದೆ, ಬಾಗಿಲಿದೆ, ಒಳಗೆ ಉಸಿರು ಬಿಗಿಹಿಡಿದು ಕೂತವರಿದ್ದಾರೆ. ಕಡಿಮೆ ಬಜೆಟ್ಟಿನ ಹಾರರ್ ನಿರ್ದೇಶಕರು ನೂರು ವರ್ಷದಿಂದ ಮಾಡಿಕೊಂಡು ಬಂದಿರುವುದೂ ಇದನ್ನೇ. ‘ಕೈಯಲ್ಲಿ ಕಾಸಿಲ್ಲದಿದ್ದರೂ ಎಷ್ಟು ಚೆನ್ನಾಗಿ ಮಾಡಿದ್ದಾರೆ’ ಅಂತ ನಾವು ಇವರನ್ನು ಹೊಗಳುತ್ತೇವೆ. ಕಾಸಿಲ್ಲದ್ದಕ್ಕೇ ಈ ಸಿನಿಮಾಗಳು ಹೀಗೆ ಬಂದವು ಅನ್ನುವುದು ನನ್ನ ಅನಿಸಿಕೆ. ಅದು ಹೇಗೆ ಅಂತ ನೋಡೋಣ.

ಮೊದಲು ‘ಕಲ್ಟ್’ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಬಿಡುಗಡೆಯಾದಾಗ ಹೆಚ್ಚು ಜನ ನೋಡಿರುವುದಿಲ್ಲ, ನೋಡಿದವರಲ್ಲಿ ಅರ್ಧ ಜನ ಬೈದಿರುತ್ತಾರೆ. ಆದರೆ ಒಂದು ಸಣ್ಣ ಗುಂಪು ಮಾತ್ರ ಬಿಡುವುದಿಲ್ಲ. ಮತ್ತೆ ಮತ್ತೆ ನೋಡುತ್ತದೆ, ಡೈಲಾಗ್ ಬಾಯಿಪಾಠ ಮಾಡುತ್ತದೆ, ಗೆಳೆಯರನ್ನು ಎಳೆದು ತಂದು ಕೂರಿಸಿ ತೋರಿಸುತ್ತದೆ. ಹೀಗೆ ವರ್ಷಗಟ್ಟಲೆ ಜನರೇ ಉಳಿಸಿಕೊಂಡ ಸಿನಿಮಾ ಕಲ್ಟ್ ಸಿನಿಮಾ. ನಿರ್ಮಾಪಕರು ಮನಸ್ಸು ಮಾಡಿದ ಮಾತ್ರಕ್ಕೆ ಅದು ಆಗುವುದಿಲ್ಲ.

ಮಾಟಗಾತಿ ಮತ್ತು ರಕ್ತಪಿಶಾಚಿಯೇ ಯಾಕೆ?

ಲೆಕ್ಕ ಹಾಕಿ ನೋಡಿ. ದೈತ್ಯ ಪ್ರಾಣಿ ತೋರಿಸಬೇಕಾದರೆ ಅದನ್ನು ತಯಾರು ಮಾಡಬೇಕು. ಬೇರೆ ಗ್ರಹದವರನ್ನು ತೋರಿಸಬೇಕಾದರೆ ಅವರ ಹಡಗು, ಅವರ ಊರು, ಎಲ್ಲಾ ಕಟ್ಟಬೇಕು. ರಕ್ತಪಿಶಾಚಿಗೆ ಒಬ್ಬ ನಟ, ಎರಡು ಕೋರೆಹಲ್ಲು, ಒಂದು ಕಪ್ಪು ನಿಲುವಂಗಿ, ಬಾಡಿಗೆಗೆ ಸಿಗುವ ಒಂದು ಹಳೇ ಬಂಗಲೆ ಸಾಕು. ಮಾಟಗಾತಿಗೆ ಅಷ್ಟೂ ಬೇಡ. ಒಬ್ಬ ಹೆಂಗಸು, ಅವಳ ಮೇಲೆ ಅನುಮಾನ ಪಡುವ ನಾಲ್ಕು ಜನ.

ಎರಡನೆಯದು, ನಿಯಮಗಳು ನೋಡುವವರಿಗೆ ಮೊದಲೇ ಗೊತ್ತಿರುತ್ತವೆ. ಅಮಾವಾಸ್ಯೆಯ ಮರುದಿನ ಬೆಳಗ್ಗೆ ನಮ್ಮೂರಿನ ಯಾವುದಾದರೂ ಮೂರು ದಾರಿ ಸೇರುವ ಜಾಗ ನೋಡಿ. ಕುಂಕುಮ ಹಚ್ಚಿದ ಅರ್ಧ ನಿಂಬೆಹಣ್ಣು ಬಿದ್ದಿದ್ದರೆ, ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೊರಟ ಹುಡುಗನೂ ಬೈಕನ್ನು ಒಂಚೂರು ಪಕ್ಕಕ್ಕೆ ತಿರುಗಿಸುತ್ತಾನೆ. ಅವನು ಮಾಟ ನಂಬುತ್ತಾನೆ ಅಂತಲ್ಲ. ಅದನ್ನು ತುಳಿಯಬಾರದು ಅಂತ ಅವನಿಗೆ ಗೊತ್ತು, ಅಷ್ಟೇ. ಸಿನಿಮಾಗೂ ಅಷ್ಟೇ ಬೇಕು. ಆ ನಿಂಬೆಹಣ್ಣನ್ನು ಹತ್ತಿರದಿಂದ ತೋರಿಸಿ, ಪಾತ್ರದ ಕಾಲು ಅದರ ಕಡೆ ಹೋಗುವುದನ್ನು ತೋರಿಸಿ. ಉಳಿದ ಕೆಲಸ ನೋಡುವವರ ತಲೆಯೊಳಗೆ ಪುಕ್ಕಟೆ ನಡೆಯುತ್ತದೆ.

ಮೂರನೆಯದು ಹಕ್ಕು. ಮಾಟಗಾತಿ ಯಾರ ಸ್ವತ್ತೂ ಅಲ್ಲ. ಊರೂರಿನ ಅಜ್ಜಿ ಕಥೆಗಳಲ್ಲಿ ಅವಳಿದ್ದಾಳೆ. ರಕ್ತಪಿಶಾಚಿಯೂ ಜನಪದದ್ದೇ, ಆದರೆ 1897ರಲ್ಲಿ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಬರೆದ ಮೇಲೆ ಅದಕ್ಕೆ ಒಬ್ಬ ವಾರಸುದಾರ ಬಂದ. ಅಲ್ಲಿಂದಲೇ ಮೊದಲ ಜಗಳ ಶುರುವಾಗಿದ್ದು.

ಸುಟ್ಟುಹಾಕಿ ಅಂದರೂ ಉಳಿದ ಸಿನಿಮಾ

ಜರ್ಮನಿಯ ಪ್ರಾನಾ ಫಿಲ್ಮ್ ಅನ್ನುವ ಹೊಸ ಕಂಪನಿಗೆ ಡ್ರಾಕುಲಾ ಕಥೆ ಬೇಕಿತ್ತು, ಹಕ್ಕು ಮಾತ್ರ ಕೊಂಡಿರಲಿಲ್ಲ. ಹೆಸರು ಬದಲಾಯಿಸಿದರು, ಡ್ರಾಕುಲಾ ಹೋಗಿ ಕೌಂಟ್ ಓರ್ಲಾಕ್ ಬಂದ. ಎಫ್. ಡಬ್ಲ್ಯೂ. ಮುರ್ನೌ ನಿರ್ದೇಶನದ ‘ನೊಸ್ಫೆರಾಟು’ 1922ರಲ್ಲಿ ಬಿಡುಗಡೆಯಾಯಿತು. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಬಿಡಲಿಲ್ಲ, ಕೋರ್ಟಿಗೆ ಹೋದರು. ಅಷ್ಟು ಹೊತ್ತಿಗೆ ಕಂಪನಿ ದಿವಾಳಿಯಾಗಿತ್ತು, ಅದು ಮಾಡಿದ್ದು ಇದೊಂದೇ ಸಿನಿಮಾ. 1925ರಲ್ಲಿ ಎಲ್ಲಾ ಪ್ರಿಂಟುಗಳನ್ನೂ ನಾಶ ಮಾಡಬೇಕು ಅಂತ ಆದೇಶ ಬಂತು. ಆದರೆ ಕೆಲವು ಪ್ರಿಂಟುಗಳು ಅದಕ್ಕೂ ಮೊದಲೇ ಬೇರೆ ದೇಶಗಳಿಗೆ ಹೋಗಿಬಿಟ್ಟಿದ್ದವು. ಇವತ್ತು ನಾವು ನೋಡುವುದು ಹಾಗೆ ತಪ್ಪಿಸಿಕೊಂಡ ಪ್ರಿಂಟುಗಳಿಂದ ಜೋಡಿಸಿದ ಸಿನಿಮಾ.

ಇಲ್ಲೊಂದು ವಿಷಯ ನನಗೆ ಬಹಳ ಇಷ್ಟ. ರಕ್ತಪಿಶಾಚಿ ಬಿಸಿಲಿಗೆ ಬಂದರೆ ಸಾಯುತ್ತದೆ ಅನ್ನುವುದು ಈಗ ಮಕ್ಕಳಿಗೂ ಗೊತ್ತು. ಸ್ಟೋಕರ್ ಕಾದಂಬರಿಯಲ್ಲಿ ಆ ನಿಯಮವೇ ಇಲ್ಲ. ಅಲ್ಲಿ ಡ್ರಾಕುಲಾ ಹಗಲು ಹೊತ್ತಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೇ. ಬೆಳಕಿಗೆ ಸಿಕ್ಕಿ ಕರಗಿ ಹೋಗುವ ಸಾವನ್ನು ತಂದಿದ್ದು ‘ನೊಸ್ಫೆರಾಟು’. ಸಿನಿಮಾದವರಿಗೆ ಇದಕ್ಕಿಂತ ಸಲೀಸಾದ ಕ್ಲೈಮ್ಯಾಕ್ಸ್ ಬೇರೆ ಇಲ್ಲ. ಹೊಡೆದಾಟ ಬೇಡ, ಗುಂಪು ಬೇಡ, ಕಿಟಕಿಯಲ್ಲಿ ಬೆಳಕು ಬಂದರೆ ಆಯಿತು. ಹಕ್ಕಿಲ್ಲದೆ ಮಾಡಿದ ಒಂದು ಸಿನಿಮಾದ ಈ ಉಪಾಯ ಆಮೇಲೆ ಇಡೀ ಪ್ರಪಂಚಕ್ಕೆ ನಿಯಮ ಆಗಿಹೋಯಿತು. ಅದೇ ಸಿನಿಮಾದಲ್ಲಿ ಓರ್ಲಾಕ್ ಮೆಟ್ಟಿಲು ಹತ್ತುವಾಗ ಗೋಡೆ ಮೇಲೆ ಕಾಣುವುದು ಅವನ ನೆರಳು ಮಾತ್ರ. ಗೂನು ಬೆನ್ನು, ಉದ್ದನೆಯ ಬೆರಳು. ಒಂದು ದೀಪ, ಒಂದು ಗೋಡೆ.

ಬಾವಾ ಮಾಡಿದ ಕೆಂಪು ಗೆರೆಯ ಚಮತ್ಕಾರ

ಈಗ ಒಂದು ಟ್ರಿಕ್ ಬಿಡಿಸಿ ಹೇಳುತ್ತೇನೆ. 1957ರ ಇಟಾಲಿಯನ್ ಸಿನಿಮಾ ‘ಇ ವ್ಯಾಂಪಿರಿ’. ನಿರ್ದೇಶಕ ರಿಕಾರ್ಡೊ ಫ್ರೆಡಾ, ಕ್ಯಾಮೆರಾ ಮಾರಿಯೋ ಬಾವಾ. ಎರಡು ವಾರದೊಳಗೇ ಶೂಟಿಂಗ್ ಮುಗಿಯಬೇಕಿತ್ತು. ಫ್ರೆಡಾ ಮಧ್ಯದಲ್ಲೇ ಬಿಟ್ಟು ಹೋದರು, ಬಾವಾ ಮುಗಿಸಿಕೊಟ್ಟರು. ಹುಡುಗಿಯರ ರಕ್ತದಿಂದ ಯೌವನ ಉಳಿಸಿಕೊಂಡ ಶ್ರೀಮಂತ ಹೆಂಗಸಿನ ಕಥೆ. ಒಂದು ದೃಶ್ಯದಲ್ಲಿ ಅವಳು ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ. ಕಟ್ ಇಲ್ಲ, ಕ್ಯಾಮೆರಾ ಅಲುಗಾಡುವುದಿಲ್ಲ. ಮುಖ ನೋಡನೋಡುತ್ತಲೇ ಸುಕ್ಕುಗಟ್ಟುತ್ತದೆ.

ಮಾಡಿದ್ದು ಹೇಗೆ? ಸಿನಿಮಾ ಕಪ್ಪು ಬಿಳುಪಿನದು. ಅದರಲ್ಲಿ ಬಣ್ಣ ಕಾಣುವುದಿಲ್ಲ, ಎಷ್ಟು ಬೆಳಕು ಎಷ್ಟು ಕತ್ತಲು ಅನ್ನುವುದಷ್ಟೇ ಕಾಣುತ್ತದೆ. ನಟಿಯ ಮುಖದ ಮೇಲೆ ಸುಕ್ಕುಗಳನ್ನು ಮೊದಲೇ ಕೆಂಪು ಬಣ್ಣದಲ್ಲಿ ಬರೆದಿದ್ದರು. ಬೆಳಕು ಕೆಂಪಾಗಿದ್ದಾಗ ಚರ್ಮವೂ ಕೆಂಪು ಬೆಳಕನ್ನೇ ವಾಪಸ್ ಕಳಿಸುತ್ತದೆ, ಗೆರೆಯೂ ಅದನ್ನೇ ಕಳಿಸುತ್ತದೆ. ಫಿಲ್ಮಿಗೆ ಎರಡೂ ಒಂದೇ. ಗೆರೆ ಮಾಯ, ಮುಖ ನುಣುಪು. ಆಮೇಲೆ ಬೆಳಕನ್ನು ನಿಧಾನಕ್ಕೆ ಹಸಿರು, ನೀಲಿ ಕಡೆ ತಿರುಗಿಸಿದರು. ಕೆಂಪು ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ, ಗೆರೆಗಳು ಕಪ್ಪಾಗಿ ಎದ್ದು ಬರುತ್ತವೆ.

ಮನೆಯಲ್ಲೇ ಮಾಡಿ ನೋಡಬಹುದು. ಅವೆನ್ಯೂ ರೋಡಿನ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಮತ್ತು ಹಸಿರು ಜಿಲೆಟಿನ್ ಪೇಪರ್ ಸಿಗುತ್ತದೆ. ಬಿಳಿ ಹಾಳೆ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದು ಮುಖ ಬರೆಯಿರಿ. ಕೆಂಪು ಪೇಪರ್ ಅಡ್ಡ ಇಟ್ಟುಕೊಂಡು ನೋಡಿದರೆ ಗೆರೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಹಸಿರು ಇಟ್ಟರೆ ಕಪ್ಪಗೆ ಕಾಣುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಇದನ್ನು ಮೊದಲು ಕಂಡುಹಿಡಿದವರು ಬಾವಾ ಅಲ್ಲ, 1931ರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ನಲ್ಲೇ ಬಂದಿತ್ತು. ಆದರೆ ಅದು ಹಾಲಿವುಡ್ಡಿನ ದೊಡ್ಡ ಸ್ಟುಡಿಯೋ. ಬಾವಾಗೆ ಇದ್ದಿದ್ದು ಬಣ್ಣದ ಫಿಲ್ಟರ್ ಮತ್ತು ಅವಸರ.

ಮೂರು ವರ್ಷಕ್ಕೆ ಬಾವಾ ಸ್ವಂತವಾಗಿ ನಿರ್ದೇಶಿಸಿದ ‘ಬ್ಲ್ಯಾಕ್ ಸಂಡೇ’ ಬಂತು. ಒಳಗಡೆ ಮೊಳೆಗಳಿರುವ ಮುಖವಾಡವನ್ನು ಮಾಟಗಾತಿಯ ಮುಖಕ್ಕಿಟ್ಟು ಸುತ್ತಿಗೆಯಿಂದ ಹೊಡೆಯುವ ದೃಶ್ಯದಿಂದ ಶುರುವಾಗುತ್ತದೆ. ಶಾಪ ಹಾಕುವ ಮಾಟಗಾತಿಯೂ, ಎಷ್ಟೋ ಕಾಲದ ಮೇಲೆ ಆ ಶಾಪಕ್ಕೆ ಸಿಗುವ ಹುಡುಗಿಯೂ ಒಬ್ಬಳೇ ನಟಿ, ಬಾರ್ಬರಾ ಸ್ಟೀಲ್. ಒಂದೇ ಮುಖ ಒಮ್ಮೆ ಪಾಪದ್ದು, ಒಮ್ಮೆ ಕ್ರೂರ. ಈ ಲೇಖನದಲ್ಲಿ ಹೇಳಿರುವುದರಲ್ಲಿ ಒಂದನ್ನೇ ನೋಡಲು ಸಮಯ ಇದ್ದರೆ, ಇದನ್ನು ನೋಡಿ.

ನಮ್ಮಲ್ಲೂ ಈ ಪಾಠ ಗೊತ್ತಿದ್ದವರು ಇದ್ದರು. 1979ರ ‘ನಾ ನಿನ್ನ ಬಿಡಲಾರೆ’ ನೆನಪಿದೆಯಾ? ಪ್ರೇತ ಮೈಮೇಲೆ ಬಂದಾಗ ಅನಂತನಾಗ್ ಕಣ್ಣು, ಕತ್ತು, ದನಿ ಬದಲಾಗುತ್ತದೆ. ಅಲ್ಲಿ ನಟನೇ ಸ್ಪೆಷಲ್ ಎಫೆಕ್ಟ್. ಅದನ್ನು ಸಣ್ಣವರಿದ್ದಾಗ ನೋಡಿದವರು ಈಗಲೂ ರಾತ್ರಿ ಹೊತ್ತು ಅದರ ಹಾಡು ಕೇಳಲು ಹಿಂಜರಿಯುತ್ತಾರೆ.

ಬ್ರಿಟನ್ನಿನ ಹ್ಯಾಮರ್ ಕಂಪನಿ ಕಾಸು ಉಳಿಸಿದ ರೀತಿ ಇನ್ನೊಂದು. ಥೇಮ್ಸ್ ನದಿ ದಡದ ಒಂದು ಹಳೇ ಬಂಗಲೆಯನ್ನೇ ಸ್ಟುಡಿಯೋ ಮಾಡಿಕೊಂಡು, ಅದೇ ಸೆಟ್ಟಿಗೆ ಬಣ್ಣ ಬಳಿದು, ಪರದೆ ಬದಲಾಯಿಸಿ, ಸಿನಿಮಾ ಮೇಲೆ ಸಿನಿಮಾ ತೆಗೆದರು. 1958ರ ‘ಡ್ರಾಕುಲಾ’ದಲ್ಲಿ ಕ್ರಿಸ್ಟೋಫರ್ ಲೀ ಬಾಯಲ್ಲಿ ಕಡುಗೆಂಪು ರಕ್ತ ಬಣ್ಣದಲ್ಲಿ ಕಂಡಾಗ ಜನ ಬೆಚ್ಚಿಬಿದ್ದರು. ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ ಮುಗಿದ ಕೂಡಲೇ ಅದೇ ಸೆಟ್ಟುಗಳಲ್ಲಿ ರಷ್ಯಾದ ಸನ್ಯಾಸಿ ರಾಸ್‌ಪುಟಿನ್ ಬಗ್ಗೆ ಇನ್ನೊಂದು ಸಿನಿಮಾ ಮಾಡಿದರು, ಎರಡರಲ್ಲೂ ಲೀ.

ಮಾಟಗಾತಿಯೇ ಇಲ್ಲದ ಮಾಟಗಾತಿ ಸಿನಿಮಾ

ರಕ್ತಪಿಶಾಚಿ ಕಟ್ಟುಕಥೆ. ಮಾಟಗಾತಿ ಹಾಗಲ್ಲ. ಆ ಹೆಸರಿನಲ್ಲಿ ನಿಜವಾದ ಹೆಂಗಸರನ್ನು ಕೊಂದಿದ್ದಾರೆ, ಯುರೋಪಿನಲ್ಲಿ ಶತಮಾನಗಟ್ಟಲೆ, ನಮ್ಮ ದೇಶದಲ್ಲಿ ಈಗಲೂ. ಬಿಹಾರ 1999ರಲ್ಲಿ ಇದರ ವಿರುದ್ಧವೇ ಕಾನೂನು ತಂದಿತು, 2001ರಲ್ಲಿ ಜಾರ್ಖಂಡ್ ತಂದಿತು. ಕರ್ನಾಟಕದಲ್ಲೂ ಅಮಾನವೀಯ ಅನಿಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರ ಕಾಯ್ದೆ ಇದೆ. ಹೀಗಾಗಿ ಮಾಟಗಾತಿ ಸಿನಿಮಾ ನೋಡುವಾಗ ನಾನು ಒಂದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಕ್ಯಾಮೆರಾ ಯಾರ ಪಕ್ಕ ನಿಂತಿದೆ? ವಯಸ್ಸಾದ, ಒಂಟಿ, ಕುರೂಪಿ ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಹೆದರಿಸುವ ಸಿನಿಮಾ ನನಗೆ ಹಿಡಿಸುವುದಿಲ್ಲ.

1968ರ ‘ವಿಚ್‌ಫೈಂಡರ್ ಜನರಲ್’ ಅದಕ್ಕೇ ದೊಡ್ಡ ಸಿನಿಮಾ. ನಿರ್ದೇಶಕ ಮೈಕಲ್ ರೀವ್ಸ್‌ಗೆ ಆಗ ಬರೀ 24 ವರ್ಷ. ಮರುವರ್ಷವೇ ತೀರಿಕೊಂಡರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಊರೂರು ತಿರುಗಿ ‘ಮಾಟಗಾತಿ’ಯರನ್ನು ಹಿಡಿದು, ಅದಕ್ಕೆ ದುಡ್ಡೂ ತೆಗೆದುಕೊಳ್ಳುತ್ತಿದ್ದ ಮ್ಯಾಥ್ಯೂ ಹಾಪ್ಕಿನ್ಸ್ ಅನ್ನುವ ನಿಜವಾದ ಮನುಷ್ಯನ ಕಥೆ. ವಿನ್ಸೆಂಟ್ ಪ್ರೈಸ್ ಆ ಪಾತ್ರ ಮಾಡಿದ್ದಾರೆ. ಇಡೀ ಸಿನಿಮಾದಲ್ಲಿ ಒಂದು ಮಾಟವೂ ಇಲ್ಲ, ಒಂದು ದೆವ್ವವೂ ಇಲ್ಲ. ಹಚ್ಚಹಸಿರು ಬಯಲು, ಕುದುರೆ ಮೇಲೆ ಕೂತ ಒಬ್ಬ ಗಂಭೀರ ಮನುಷ್ಯ, ಅವನು ಹೇಳಿದ್ದಕ್ಕೆಲ್ಲಾ ತಲೆಯಾಡಿಸುವ ಊರು. ಆ ತಲೆಯಾಡಿಸುವವರ ಮುಖಗಳನ್ನು ನೋಡಿ. ಭಯ ಇರುವುದು ಅಲ್ಲಿ.

ಒಂದೇ ಪ್ರಿಂಟು ಉಳಿಸಿದ ‘ಗಾಂಜಾ ಅಂಡ್ ಹೆಸ್’

ಒಳ್ಳೆಯ ಸಿನಿಮಾ ಮಾಡಿದರೆ ಸಾಲದು, ಅದು ಜನರ ತನಕ ಹೋಗಲು ಒಂದು ದಾರಿ ಬೇಕು. ಈ ಸಿನಿಮಾಗಳ ಅರ್ಧ ಕಥೆ ಆ ದಾರಿಯದ್ದೇ.

1972ರಲ್ಲಿ ಅಮೆರಿಕದಲ್ಲಿ ‘ಬ್ಲ್ಯಾಕುಲಾ’ ಬಂದು ದುಡ್ಡು ಮಾಡಿತು. ಕಪ್ಪು ಜನಾಂಗದ ನಾಯಕನಿರುವ ಇನ್ನೊಂದು ರಕ್ತಪಿಶಾಚಿ ಸಿನಿಮಾ ಬೇಕು ಅಂತ ನಿರ್ಮಾಪಕರು ಬಿಲ್ ಗನ್ ಅನ್ನುವ ನಿರ್ದೇಶಕರನ್ನು ಕೇಳಿದರು. ಬಜೆಟ್ ಸುಮಾರು ಮೂರೂವರೆ ಲಕ್ಷ ಡಾಲರ್. ಗನ್ ಒಪ್ಪಿಕೊಂಡರು, ಮಾಡಿದ್ದು ಮಾತ್ರ ಬೇರೆಯದೇ. ಹೆಸ್ ಅನ್ನುವ ವಿದ್ವಾಂಸನಿಗೆ ಅವನ ಸಹಾಯಕ ಪುರಾತನ ಕಾಲದ ಬಾಕುವಿನಿಂದ ಇರಿಯುತ್ತಾನೆ. ಹೆಸ್ ಸಾಯುವುದಿಲ್ಲ, ಅವನಿಗೆ ರಕ್ತದ ಚಟ ಹತ್ತುತ್ತದೆ. ಆಮೇಲೆ ಸಹಾಯಕನ ಹೆಂಡತಿ ಗಾಂಜಾ ಗಂಡನನ್ನು ಹುಡುಕಿಕೊಂಡು ಬರುತ್ತಾಳೆ. ನಿಲುವಂಗಿ ಇಲ್ಲ, ಶವಪೆಟ್ಟಿಗೆ ಇಲ್ಲ. ಕುಡಿತಕ್ಕೆ ಬಿದ್ದ ಮನೆಯಲ್ಲಿರುತ್ತದಲ್ಲ, ಎಲ್ಲರಿಗೂ ಗೊತ್ತಿದ್ದೂ ಯಾರೂ ಬಾಯಿಬಿಡದ ಆ ವಾತಾವರಣ ಸಿನಿಮಾ ತುಂಬಾ ಇದೆ.

1973ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ವಿಭಾಗದಲ್ಲಿ ಅದಕ್ಕೆ ಒಳ್ಳೆಯ ಹೆಸರು ಬಂತು. ಅಮೆರಿಕದಲ್ಲಿ ಓಡಲಿಲ್ಲ. ನಿರ್ಮಾಪಕರು ಮಾರಿಬಿಟ್ಟರು, ಕೊಂಡವರು ಕತ್ತರಿಸಿ ‘ಬ್ಲಡ್ ಕಪಲ್’ ಅಂತ ಬೇರೆ ಹೆಸರಿಟ್ಟು ಹೊರಗೆ ತಂದರು. ಆದರೆ ಮೂಲ ಸಿನಿಮಾದ ಒಂದು ಪ್ರಿಂಟು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಉಳಿದುಕೊಂಡಿತು. ವರ್ಷಗಟ್ಟಲೆ ಜನ ಅದನ್ನು ಅಲ್ಲಿ ನೋಡಿ, ನೋಡಿದವರು ಇನ್ನೊಬ್ಬರಿಗೆ ಹೇಳಿ, ಕೊನೆಗೆ ಪೂರ್ತಿ ಸಿನಿಮಾ ಮತ್ತೆ ಎಲ್ಲರಿಗೂ ಸಿಗುವ ಹಾಗಾಯಿತು. ಆ ಸಿನಿಮಾ ಕತ್ತರಿಸಿದ್ದನ್ನು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗನ್ 1989ರಲ್ಲಿ ತೀರಿಕೊಂಡರು.

ಹೆಸ್ ಪಾತ್ರ ಮಾಡಿದ್ದು ಡ್ವೇನ್ ಜೋನ್ಸ್. ಅವರೇ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ನ ನಾಯಕ. ಜಾರ್ಜ್ ರೊಮೆರೊ ಅದನ್ನು ಸುಮಾರು 1,14,000 ಡಾಲರಿನಲ್ಲಿ ಮಾಡಿದರು, ರಕ್ತದ ಬದಲು ಚಾಕಲೇಟ್ ಸಿರಪ್ ಬಳಸಿದರು. ಕೊನೆ ಗಳಿಗೆಯಲ್ಲಿ ಸಿನಿಮಾದ ಹೆಸರು ಬದಲಾಯಿತು. ಹಳೇ ಟೈಟಲ್ ಕಾರ್ಡಿನಲ್ಲಿದ್ದ ಕಾಪಿರೈಟ್ ಸಾಲು ಹೊಸದರಲ್ಲಿ ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ರೊಮೆರೊಗೆ ಬರಬೇಕಿದ್ದ ದುಡ್ಡು ಹೋಯಿತು. ಆದರೆ ಯಾವ ಟೀವಿಯವರು, ಯಾವ ಕ್ಯಾಸೆಟ್ಟಿನವರು ಬೇಕಾದರೂ ಕೇಳದೆ ತೋರಿಸಬಹುದಾಗಿದ್ದರಿಂದ ಆ ಸಿನಿಮಾ ಮನೆಮನೆಗೂ ಹೋಯಿತು. ಅನ್ಯಾಯ ಮತ್ತು ಅದೃಷ್ಟ ಎರಡೂ ಒಂದೇ ತಪ್ಪಿನಿಂದ.

ಇನ್ನೊಂದು ದಾರಿ ಮಧ್ಯರಾತ್ರಿ ಶೋ. 1970ರ ಕೊನೆಯಲ್ಲಿ ನ್ಯೂಯಾರ್ಕಿನ ಎಲ್ಜಿನ್ ಥಿಯೇಟರ್ ವಿಚಿತ್ರ ಸಿನಿಮಾಗಳನ್ನು ಮಧ್ಯರಾತ್ರಿ ಹಾಕಲು ಶುರುಮಾಡಿತು. ಬೇರೆಯವರೂ ಅದೇ ಹಾದಿ ಹಿಡಿದರು. ಆಮೇಲೆ ವಿಡಿಯೋ ಕ್ಯಾಸೆಟ್ ಬಂತು. ನಮ್ಮ ಬಡಾವಣೆಗಳಲ್ಲಿ ವಿಸಿಆರ್ ಬಾಡಿಗೆಗೆ ತಂದು, ಒಂದೇ ರಾತ್ರಿಯಲ್ಲಿ ಮೂರು ಸಿನಿಮಾ ಮುಗಿಸುತ್ತಿದ್ದ ಕಾಲ. ಎರಡು ಎಲ್ಲರೂ ನೋಡುವಂಥದ್ದು, ದೊಡ್ಡವರು ಮಲಗಿದ ಮೇಲೆ ಮೂರನೆಯದು ಭೂತದ್ದು.

ಆ ಮೂರನೆಯದು ಬಹಳ ಸಲ ರಾಮ್‌ಸೇ ಸಹೋದರರದ್ದಾಗಿರುತ್ತಿತ್ತು. ಅವರ ತಂದೆ ಎಫ್. ಯು. ರಾಮ್‌ಸೇ ನಿರ್ಮಿಸಿದ 1970ರ ಒಂದು ಸಿನಿಮಾ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ದೃಶ್ಯವನ್ನು ಮಾತ್ರ ಜನ ಇಷ್ಟಪಟ್ಟಿದ್ದನ್ನು ಮಕ್ಕಳು ಗಮನಿಸಿದರು. ಬರೀ ಅಂಥದ್ದನ್ನೇ ಮಾಡಿದರೆ ಹೇಗೆ? 1972ರ ‘ದೋ ಗಜ್ ಜಮೀನ್ ಕೆ ನೀಚೆ’ ಹಾಗೆ ಹುಟ್ಟಿತು. ಏಳು ಜನ ಅಣ್ಣತಮ್ಮಂದಿರು, ಒಬ್ಬರು ಕ್ಯಾಮೆರಾ, ಒಬ್ಬರು ಸೌಂಡ್, ಒಬ್ಬರು ಕಥೆ, ಒಬ್ಬರು ಎಡಿಟಿಂಗ್. ಕೂಲಿ ಮನೆಯೊಳಗೇ ಉಳಿಯಿತು. 1988ರ ‘ವೀರಾನಾ’ದಲ್ಲಿ ಮಾಟಗಾತಿ ಬಂದಳು, 1990ರ ‘ಬಂದ್ ದರವಾಜಾ’ದಲ್ಲಿ ರಕ್ತಪಿಶಾಚಿ. ಆ ಪಿಶಾಚಿಯಾದ ಅನಿರುದ್ಧ್ ಅಗರ್‌ವಾಲ್ ಓದಿದ್ದು ಎಂಜಿನಿಯರಿಂಗ್. ಅವರ ಎತ್ತರ, ಮುಖದ ಮೂಳೆಗಳ ಮೇಲೆ ಕೆಳಗಿನಿಂದ ದೀಪ ಬಿಟ್ಟರೆ ಸಾಕಾಗುತ್ತಿತ್ತು.

ಕಾಡಿಗೆ ಕಳಿಸಿ, ಊಟ ಕಡಿಮೆ ಮಾಡಿ

1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಈ ಲೆಕ್ಕಾಚಾರವನ್ನು ಕೊನೆಯ ತುದಿಗೆ ಕೊಂಡೊಯ್ದಿತು. ನಿರ್ದೇಶಕರಾದ ಡೇನಿಯಲ್ ಮೈರಿಕ್, ಎಡ್ವಾರ್ಡೊ ಸಾಂಚೆಜ್ ಸೇರಿ ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟು ಮೇರಿಲ್ಯಾಂಡಿನ ಕಾಡಿಗೆ ಕಳಿಸಿದರು. ಎಂಟು ದಿನ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಜಿಪಿಎಸ್‌ನಲ್ಲಿ ಗುರುತು ಇರುತ್ತಿತ್ತು. ಅಲ್ಲಿ ಹೋದರೆ ಪ್ರತಿಯೊಬ್ಬರಿಗೂ ಬೇರೆಬೇರೆ ಚೀಟಿ. ಒಬ್ಬರ ಚೀಟಿ ಇನ್ನೊಬ್ಬರು ಓದುವಂತಿಲ್ಲ. ಮಾತೆಲ್ಲಾ ಅವರೇ ಅಲ್ಲೇ ಹುಟ್ಟಿಸಿಕೊಳ್ಳಬೇಕು. ದಿನ ಕಳೆದ ಹಾಗೆ ಊಟ ಕಡಿಮೆಯಾಗುತ್ತಾ ಹೋಯಿತು, ರಾತ್ರಿ ನಿರ್ದೇಶಕರೇ ಹೋಗಿ ಟೆಂಟ್ ಸುತ್ತ ಸದ್ದು ಮಾಡುತ್ತಿದ್ದರು. ತೆರೆಯ ಮೇಲೆ ಕಾಣುವ ಸುಸ್ತು, ಜಗಳ ಬಹುಪಾಲು ನಿಜ. ಮಾಟಗಾತಿ ಒಂದು ಸಲವೂ ಕಾಣುವುದಿಲ್ಲ.

ಶೂಟಿಂಗ್ ಖರ್ಚು 35 ಸಾವಿರದಿಂದ 60 ಸಾವಿರ ಡಾಲರ್ ಅಂತ ಹೇಳುತ್ತಾರೆ, ಗಳಿಸಿದ್ದು ಸುಮಾರು 25 ಕೋಟಿ ಡಾಲರ್. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ‘ನಾನೂ ಮಾಡಬಹುದು’ ಅಂದುಕೊಳ್ಳುವವರು ಒಂದನ್ನು ಮರೆಯುತ್ತಾರೆ. ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಕೊಂಡ ಕಂಪನಿ ಆಮೇಲೆ ಪ್ರಚಾರಕ್ಕೆ ಸುರಿದ ದುಡ್ಡು ಶೂಟಿಂಗಿನ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ. ಮೂವರೂ ನಿಜವಾಗಿ ಕಾಣೆಯಾಗಿದ್ದಾರೆ ಅನ್ನುವ ಹಾಗೆ ವೆಬ್‌ಸೈಟ್ ಮಾಡಿ, ‘ಕಾಣೆಯಾಗಿದ್ದಾರೆ’ ಪೋಸ್ಟರ್ ಹಂಚಿದರು. ಇಂಟರ್ನೆಟ್ ಹೊಸದು, ಜನ ನಂಬಿದರು. ನಟರು ತಮ್ಮ ನಿಜವಾದ ಹೆಸರಿನಲ್ಲೇ ಪಾತ್ರ ಮಾಡಿದ್ದರಿಂದ ಅವರ ಬದುಕಿಗೆ ತೊಂದರೆಯೂ ಆಯಿತು. ಆ ಬೆಲೆಯನ್ನು ಬಜೆಟ್ಟಿನಲ್ಲಿ ಯಾರೂ ಬರೆಯುವುದಿಲ್ಲ.

ಕನ್ನಡದಲ್ಲಿ ಈ ದಾರಿ ಹಿಡಿದಿದ್ದು 2013ರ ‘6-5=2’, ನಿರ್ದೇಶಕರು ಕೆ. ಎಸ್. ಅಶೋಕ. ಟ್ರೆಕ್ಕಿಂಗ್ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅನ್ನುವ ರೂಪ. ಸ್ಟಾರ್ ಇಲ್ಲ, ಹಾಡಿಲ್ಲ, ಫೈಟಿಲ್ಲ. ವಾರಾಂತ್ಯ ಬಂದರೆ ಬ್ಯಾಗ್ ಏರಿಸಿಕೊಂಡು ಪಶ್ಚಿಮ ಘಟ್ಟಕ್ಕೆ ಬಸ್ ಹತ್ತುವ ಬೆಂಗಳೂರಿನ ಹುಡುಗ ಹುಡುಗಿಯರಿಗೆ ಆ ಕಾಡು, ಆ ದಾರಿ ತಪ್ಪುವ ಭಯ ಚೆನ್ನಾಗಿ ಗೊತ್ತಿತ್ತು. ಸಿನಿಮಾ ಓಡಿತು, ಹಿಂದಿಗೂ ಹೋಯಿತು. ನನಗೆ ಅದರ ಮೊದಲ ಅರ್ಧ ಇಷ್ಟ. ಗೆಳೆಯರು ಸುಮ್ನೆ ಕಾಲೆಳೆದುಕೊಂಡು ನಡೆಯುವ ಭಾಗ ಉದ್ದವಾಯಿತು ಅಂತ ಕೆಲವರು ಹೇಳಿದರು. ಆ ಹರಟೆ ಇಲ್ಲದಿದ್ದರೆ ಆಮೇಲೆ ಯಾರು ಸತ್ತರೂ ನಮಗೆ ಏನೂ ಅನಿಸುವುದಿಲ್ಲ, ಅಲ್ವಾ?

ನೋಡಲು ಶುರುಮಾಡುವವರಿಗೆ

‘ಬ್ಲ್ಯಾಕ್ ಸಂಡೇ’ ಆದಮೇಲೆ ‘ವಿಚ್‌ಫೈಂಡರ್ ಜನರಲ್’, ಆಮೇಲೆ ‘ಗಾಂಜಾ ಅಂಡ್ ಹೆಸ್’ ಪೂರ್ತಿ ಆವೃತ್ತಿ. ಅದು 110 ನಿಮಿಷದ ಆಸುಪಾಸಿನದು, ತುಂಬಾ ಚಿಕ್ಕದಿದ್ದರೆ ಕತ್ತರಿಸಿದ್ದು ಅಂತ ತಿಳಿಯಿರಿ. ಫೋನಿನಲ್ಲಿ ಬೇಡ. ಕತ್ತಲನ್ನೇ ನಂಬಿ ಮಾಡಿದ ಸಿನಿಮಾಗಳು ಇವು, ಲೈಟ್ ಆರಿಸಿ ನೋಡಿ.

‘ನೊಸ್ಫೆರಾಟು’ ಮಾತ್ರ ಸ್ವಲ್ಪ ಹುಡುಕಿ ನೋಡಬೇಕು. ಇಂಟರ್ನೆಟ್ಟಿನಲ್ಲಿ ಹತ್ತಾರು ಪ್ರತಿಗಳಿವೆ, ಬಹಳಷ್ಟು ಬರೀ ಕಪ್ಪು ಬಿಳುಪಿನವು. ಆಗಿನ ಫಿಲ್ಮು, ದೀಪಗಳಲ್ಲಿ ಬೀದಿಯ ರಾತ್ರಿಯನ್ನು ರಾತ್ರಿಯಲ್ಲೇ ತೆಗೆಯುವುದು ಕಷ್ಟವಿತ್ತು. ಹಾಗಾಗಿ ಹಗಲಲ್ಲೇ ತೆಗೆದು, ಆಮೇಲೆ ಪ್ರಿಂಟಿಗೆ ನೀಲಿ ಬಣ್ಣ ಕೊಟ್ಟು ರಾತ್ರಿ ಮಾಡುತ್ತಿದ್ದರು. ಆ ಬಣ್ಣ ಹೋದ ಪ್ರತಿಯಲ್ಲಿ ಓರ್ಲಾಕ್ ತನ್ನ ಶವಪೆಟ್ಟಿಗೆ ಹೊತ್ತುಕೊಂಡು ನಡುಹಗಲಲ್ಲಿ ಊರೊಳಗೆ ನಡೆದು ಹೋಗುತ್ತಾನೆ. ಬಿಸಿಲಿಗೆ ಸಾಯುವ ಪಿಶಾಚಿ ಬಿಸಿಲಲ್ಲೇ ತಿರುಗಾಡಿದರೆ ಕೊನೆಯ ದೃಶ್ಯಕ್ಕೆ ಅರ್ಥವೇ ಇರುವುದಿಲ್ಲ. ಜರ್ಮನಿಯ ಮುರ್ನೌ ಪ್ರತಿಷ್ಠಾನ ಸರಿಪಡಿಸಿದ, ಹಾನ್ಸ್ ಎರ್ಡ್‌ಮನ್ ಸಂಗೀತ ಇರುವ ಪ್ರತಿ ಸಿಕ್ಕರೆ ಅದನ್ನೇ ನೋಡಿ. ಅದರಲ್ಲಿ ಅವನು ಬರುವ ರಾತ್ರಿ ನೀಲಿಯಾಗಿದೆ.